ಸನ್‌ರೂಫ್ ಸೋರುತ್ತಿದೆ, ಸಿಲಿಕಾನ್ ಹಚ್ಚಲೇ?

ಪ್ರಶ್ನೆ: ಮಳೆ ಜೋರಾದರೆ ಸನ್‌ರೂಫ್ ಪಕ್ಕದಿಂದ ಡ್ರೈವರ್ ಸೀಟಿಗೆ ನೀರು ತೊಟ್ಟಿಕ್ಕುತ್ತದೆ. ಸುತ್ತ ಸಿಲಿಕಾನ್ ಅಂಟು ಹಚ್ಚಿಬಿಡಲೇ ಸರ್?
– ಓದುಗರು, ಮಡಿಕೇರಿ

ಉತ್ತರ: ದಯವಿಟ್ಟು ಬೇಡ. ಸನ್‌ರೂಫ್ ಅಂಚಿನ ರಬ್ಬರ್ ದಾಟಿ ಸ್ವಲ್ಪ ನೀರು ಬರುವುದು ಸಹಜ. ಅದು ಮೂಲೆಗಳ ಸಣ್ಣ ಪೈಪುಗಳಲ್ಲಿ ಇಳಿದು ಹೊರಗೆ ಹೋಗಬೇಕು. ಪೈಪು ಕಟ್ಟಿದರೆ ಸೀಟಿಗೆ ಬರುತ್ತದೆ. ನನ್ನ ಕಾರು ತೋಟದ ಸಿಲ್ವರ್ ಓಕ್ ಮರದಡಿ ನಿಲ್ಲುತ್ತಿತ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸೋರಿದಾಗ ಎಡಮೂಲೆಯ ತೂತಿನಿಂದ ಕೊಳೆತ ಎಲೆ ತೆಗೆದೆ. ಥೇಟ್ ಕಾಫಿ ಚರಟದ ಹಾಗೇ ಇತ್ತು!

ಸನ್‌ರೂಫ್ ತೆರೆದು ಒಂದೊಂದು ಮೂಲೆಗೂ ಅರ್ಧ ಲೋಟ ನೀರು ನಿಧಾನ ಹಾಕಿ. ಕಾರಿನಡಿ ನೀರು ಸುರಿಯದಿದ್ದರೆ ಆ ಪೈಪೇ ಕಟ್ಟಿದೆ. ಕಳೆ ಹೊಡೆಯುವ ಮೆಷಿನ್ನಿನ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಡಬೇಡಿ, ಪೈಪು ಒಳಗೇ ಕಳಚಿಕೊಳ್ಳಬಹುದು. ಕಾರ್ಪೆಟ್ ಎತ್ತಿ ಒಣಗಿಸಿ. ನಮ್ಮ ಥಂಡಿಗೆ ಬೂಷ್ಟು ಬೇಗ ಹಿಡಿಯುತ್ತೆ, ಅಲ್ವಾ?