'ಗೊತ್ತಿತ್ತು' ಬೇರೆ, 'ಗೊತ್ತಾಯ್ತು' ಬೇರೆ

ಪ್ರಶ್ನೆ: ಇಂಗ್ಲಿಷಿನ ನೋ (know), ಲರ್ನ್, ಫೈಂಡ್ ಔಟ್, ರಿಯಲೈಸ್ ಎಲ್ಲಕ್ಕೂ 'ತಿಳಿ' ಅಂತಲೇ ಅರ್ಥ ಅಲ್ವಾ? ಯಾವುದನ್ನು ಬರೆದರೂ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿ ಮೋಟಾರು ಕೆಟ್ಟದ್ದು ಶುಕ್ರವಾರ ರಾತ್ರಿ. ಅವನಿಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ಕೂಡಲೇ ಮೇಲಧಿಕಾರಿಗೆ ಮೇಲ್ ಹಾಕಿದ: 'ಐ ನ್ಯೂ ದಟ್ ದ ಮೋಟರ್ ಹ್ಯಾಡ್ ಫೇಲ್ಡ್.' ಅಂದರೆ, ಮೋಟಾರು ಕೆಟ್ಟದ್ದು ನನಗೆ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ ಮೆಮೊ ಬಂತು. 'ಐ ಫೌಂಡ್ ಔಟ್ ದಿಸ್ ಮಾರ್ನಿಂಗ್' ಅಂತ ಬರೆದಿದ್ದರೆ ಸಾಕಿತ್ತು.

ಮೊದಲೇ ತಲೆಯಲ್ಲಿ ಇರುವುದು ನೋ. ಹೊಸದಾಗಿ ತಲೆಗೆ ಬಂದದ್ದು ಲರ್ನ್ ಅಥವಾ ಫೈಂಡ್ ಔಟ್. ರೈಲು ಎಷ್ಟು ಗಂಟೆಗೆ ಅಂತ ಕೇಳ್ಕೊಂಡು ಬಾ ಅನ್ನುತ್ತೀರಲ್ಲ, ಅಲ್ಲಿ ಫೈಂಡ್ ಔಟ್ ಹಾಕಿ. ಆಕಸ್ಮಿಕವಾಗಿ ಗೊತ್ತಾದರೂ ಅದು ನಡೆಯುತ್ತದೆ. ಸುದ್ದಿ ತಿಳಿದಾಗ ಲರ್ನ್ ಅಂದರೆ ಸ್ವಲ್ಪ ಗಂಭೀರ, ಪತ್ರಿಕೆಯ ಧಾಟಿ. ಮನೆಯಲ್ಲಿ ಮಾತಾಡುವಾಗ 'ಐ ಹರ್ಡ್' ಸಾಕು.

ರಿಯಲೈಸ್ ಅಂದರೆ ತಾನಾಗಿ ಹೊಳೆಯುವುದು. ಬಸ್ ಹತ್ತಿದ ಮೇಲೆ ಜೇಬು ಮುಟ್ಟಿ ನೋಡುತ್ತೀರಿ. ಪರ್ಸ್ ಟೀವಿ ಪಕ್ಕದಲ್ಲೇ ಬಿಟ್ಟು ಬಂದದ್ದು ನೆನಪಾಗಿ ಎದೆ ಧಸಕ್ ಅನ್ನುತ್ತದೆ. ಯಾರೂ ಹೇಳಿಲ್ಲ, ನೀವು ಯಾರನ್ನೂ ಕೇಳಿಲ್ಲ. ಅದು ರಿಯಲೈಸ್.

'ಕನ್ನಡದಲ್ಲಿ ಯೋಚಿಸುವುದು ಬಿಡಿ, 30 ದಿನದಲ್ಲಿ ಇಂಗ್ಲಿಷ್ ಬರುತ್ತದೆ' ಅನ್ನುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಗೊತ್ತಿತ್ತು, ಗೊತ್ತಾಯ್ತು, ಹೊಳೆಯಿತು ಅಂತ ನಿಮ್ಮ ಕನ್ನಡವೇ ಈ ವ್ಯತ್ಯಾಸವನ್ನು ಎಷ್ಟು ಚೆನ್ನಾಗಿ ಹೇಳುತ್ತದೆ! ಯಾವುದು ಅಂತ ಮೊದಲು ಕನ್ನಡದಲ್ಲೇ ಕೇಳಿಕೊಳ್ಳಿ, ಆಮೇಲೆ ಬರೆಯಿರಿ.

ಪ್ರಶ್ನೆ: ಸ್ಟಡಿಗೂ ಲರ್ನ್‌ಗೂ ಏನು ವ್ಯತ್ಯಾಸ?

ಉತ್ತರ: ಓದುವುದು, ಕಲಿಯುವುದು. ಐದು ವರ್ಷ ಹಿಂದಿ ಸ್ಟಡಿ ಮಾಡಿಯೂ ಲರ್ನ್ ಮಾಡದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಪ್ರಶ್ನೆ: 'ಐ ಆಮ್ ನೋಯಿಂಗ್ ಕನ್ನಡ' ಸರಿಯೇ?

ಉತ್ತರ: ತಪ್ಪು. 'ಐ ನೋ ಕನ್ನಡ.'

ಪ್ರಶ್ನೆ: ಪಾಠವನ್ನು 'ಬೈಹಾರ್ಟೆಡ್' ಅಂತ ಬರೆಯಬಹುದೇ?

ಉತ್ತರ: ನಮ್ಮ ಕಡೆ ಮಾತಿನಲ್ಲಿ ನಡೆಯುತ್ತದೆ. ಅರ್ಜಿಯಲ್ಲಿ ಬೇಡ, ಅಲ್ಲಿ 'ಲರ್ನ್ಡ್ ಬೈ ಹಾರ್ಟ್' ಅಂತ ಬರೆಯಿರಿ.

ಪ್ರಶ್ನೆ: ಲರ್ನ್ಟ್ ಸರಿಯೋ, ಲರ್ನ್ಡ್ ಸರಿಯೋ?

ಉತ್ತರ: ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತವೆ, ಅಮೆರಿಕದಲ್ಲಿ ಜಾಸ್ತಿ ಲರ್ನ್ಡ್. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ.