ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್‌ಗೆ ಪೆಟ್ಟಾಗಿ, ಕಾಲು ಅಲ್ಲಾಡದಂತೆ ಹಾಕಿದ್ದ ಬ್ರೇಸ್ ತೆಗೆದಿದ್ದಾರೆ. ನೋವಿಲ್ಲ, ಆದರೆ ತೊಡೆ ಸಣ್ಣಗಾಗಿದೆ, ಬಲವೇ ಇಲ್ಲ. ಫಿಸಿಯೋಥೆರಪಿ ಬೇಕೇ ಬೇಕಾ?

ಬೇಕು. ನೋವು ಹೋದ ಮಾತ್ರಕ್ಕೆ ಬಲ ವಾಪಸ್ ಬಂದಿರುವುದಿಲ್ಲ.

ಕಾಲು ಅಲ್ಲಾಡಿಸದೆ ಇಟ್ಟರೆ ತೊಡೆಯ ಮುಂಭಾಗದ ಸ್ನಾಯು ಮೊದಲ ಒಂದೆರಡು ವಾರದಲ್ಲೇ ಕರಗತೊಡಗುತ್ತದೆ. ಜೊತೆಗೆ ಇನ್ನೊಂದು ತೊಂದರೆ ಇದೆ: ಮೊಣಕಾಲಿನೊಳಗೆ ಸ್ವಲ್ಪ ಊತ ಉಳಿದಿದ್ದರೂ ಆ ಸ್ನಾಯುವಿಗೆ ಹೋಗುವ ನರದ ಸಂದೇಶವೇ ಕಡಿಮೆಯಾಗುತ್ತದೆ, ನೀವು ಎಷ್ಟೇ ಜೋರು ಹಾಕಿದರೂ ಅದು ಪೂರ್ತಿ ಬಿಗಿಯಾಗುವುದಿಲ್ಲ. ಸುಮ್ನೆ ವಾಕಿಂಗ್ ಮಾಡಿದರೆ ಸಾಲದು, ಯಾಕಂದ್ರೆ ಒಳ್ಳೆಯ ಕಾಲೇ ಭಾರವನ್ನೆಲ್ಲ ಹೊತ್ತುಬಿಡುತ್ತದೆ.

ಫಿಸಿಯೋ ಸಾಮಾನ್ಯವಾಗಿ ಮೊದಲು ಹೇಳಿಕೊಡುವುದು ತೀರಾ ಸಣ್ಣ ವ್ಯಾಯಾಮ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವುದು. ಮಂಡಿಚಿಪ್ಪು ತೊಡೆಯ ಕಡೆಗೆ ಸ್ವಲ್ಪ ಜರುಗಿದರೆ ಸರಿಯಾಗಿ ಮಾಡುತ್ತಿದ್ದೀರಿ. ಇದೇನು ವ್ಯಾಯಾಮಾನಾ ಅನ್ನಿಸುತ್ತೆ, ಆದರೆ ಬಿಡಬೇಡಿ. ಆಮೇಲೆ ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲು, ಕೊನೆಗೆ ತೂಕ ಎತ್ತುವುದು.

ಮೊದಲ ಕೆಲವು ವಾರ ಬಲ ಹೆಚ್ಚುವುದು ಹೆಚ್ಚಾಗಿ ನರಗಳು ಪಳಗುವುದರಿಂದ, ಹಾಗಾಗಿ ಟೇಪ್ ಹಿಡಿದು ದಿನಾ ತೊಡೆ ಅಳೆಯಬೇಡಿ. ದಪ್ಪ ಕಾಣಲು ಸಾಮಾನ್ಯವಾಗಿ 6-8 ವಾರ, ಕೆಲವೊಮ್ಮೆ ಜಾಸ್ತಿ. ವಯಸ್ಸು, ನಿದ್ದೆ, ಮೊದಲಿದ್ದ ಬಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಊಟವೂ ಅಷ್ಟೇ: ಬರೀ ಅನ್ನ ತಿಳಿಸಾರಿನಲ್ಲಿ ಪ್ರೋಟೀನ್ ಕಡಿಮೆ ಅಲ್ವಾ, ಮೊಟ್ಟೆ, ಕಾಳು, ಮೊಸರು ಸೇರಿಸಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ವ್ಯಾಯಾಮದ ಮರುದಿನ ಊತ ಜಾಸ್ತಿಯಾದರೆ ಪ್ರಮಾಣ ಇಳಿಸಿ. ಮಂಡಿ ಲಾಕ್ ಆದರೆ, ಅಂದರೆ ಮಡಚಲು ಚಾಚಲು ಆಗದಂತೆ ಸಿಕ್ಕಿಕೊಂಡರೆ, ಅಥವಾ ನಡೆಯುವಾಗ ಕುಸಿದರೆ ಮೂಳೆ ಡಾಕ್ಟರಿಗೆ ತೋರಿಸಿ.