ದೀಪಾವಳಿ ಬಾಕ್ಸಿಗೆ ಪೇಡ, ಚಕ್ಕುಲಿ ಒಟ್ಟಿಗೆ ಹಾಕಬೇಡ್ರಿ

ತಂಗಿ, ನೀವು ಗುಂಪಿಗೆ ಹಾಕಿರೋ ಫೋಟೋ ನೋಡಿದೆ. ನಾಲ್ಕು ಖಾನೆಯ ರಟ್ಟಿನ ಬಾಕ್ಸು, ಒಂದರಲ್ಲಿ ಖೋವಾ ಪೇಡ, ಒಂದರಲ್ಲಿ ಬೇಸನ್ ಉಂಡೆ, ಇನ್ನೆರಡರಲ್ಲಿ ಚಕ್ಕುಲಿ, ಖಾರ ಮಂಡಕ್ಕಿ. ರಾತ್ರಿ ಕರಿದು ರಾತ್ರಿನೇ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಿಬ್ಬನ್ ಕಟ್ಟಿ, ಬೆಳಿಗ್ಗೆ ಬೆಂಗಳೂರಿಗೂ ಪುಣೆಗೂ ಕೊರಿಯರ್ ಮಾಡ್ತೀನಿ ಅಂತ ಬರೆದಿದೀರಿ. ಕೆಳಗೆ ಎಲ್ಲರೂ ಸೂಪರ್ ಅಂದಿದಾರೆ. ಬಾಕ್ಸ್ ನಿಜವಾಗ್ಲೂ ಚಂದ ಇದೆ. ಆದರೆ ಆ ತಿಂಡಿ ಆ ಬಾಕ್ಸಲ್ಲಿ ಪುಣೆ ತನಕ ಉಳಿಯಲ್ಲ. ಹಬ್ಬಕ್ಕೆ ಇನ್ನೂ ಟೈಮ್ ಇದೆ, ಅದಕ್ಕೇ ಉದ್ದ ಬರೀತಿದೀನಿ, ಪೂರ್ತಿ ಓದ್ರಿ.

ನಮ್ಮನೇಲಿ ಒಂದು ದೀಪಾವಳಿಗೆ ಅಚ್ಚು ಹೀಗೇ ತುಂಬಿ ಕಳಿಸಿದ್ವಿ. ನಾದಿನಿ ವಿಡಿಯೋ ಕಾಲ್ ಮಾಡಿ ಬಾಕ್ಸ್ ತೆಗೆದು ತೋರಿಸಿದಳು. ಮುಚ್ಚಳದ ಒಳಮೈಯಲ್ಲಿ ನೀರಿಳಿದು ಒಣಗಿದ ಕಲೆ. ಚಕ್ಕುಲಿ ಹಿಡಿದು ಮುರಿಯೋಕೆ ಹೋದರೆ ಮುರಿಯದೆ ಬಗ್ಗುತ್ತಿತ್ತು. ಪೇಡದ ಅಂಚಿಗೆ ಬಿಳಿ ಬೂಷ್ಟು. ಮಂಡಕ್ಕಿ ಅಂತೂ ಹಿಂದಿನ ದಿನ ಒಗ್ಗರಣೆ ಹಾಕಿ ಇಟ್ಟಂಗೆ ಮೆತ್ತಗೆ ಮುದ್ದೆ. ಕೊರಿಯರಿನವರು ತಡ ಮಾಡಿದರು ಅಂತ ಮೊದಲು ಅವರ ಮೇಲೆ ಸಿಟ್ಟು ಬಂತು. ಆದರೆ ಅವರು ಸರಿಯಾದ ದಿನಕ್ಕೇ ಮುಟ್ಟಿಸಿದ್ದರು. ಕೆಡೋದು ಬಾಕ್ಸ್ ಮುಚ್ಚಿದಾಗಲೇ ಶುರುವಾಗಿತ್ತು.

ಕಾರಣ ಇಷ್ಟೇ. ಪೇಡದಲ್ಲಿ ನೀರಿನಂಶ ಇರುತ್ತೆ, ಕರಿದ ತಿಂಡೀಲಿ ಹತ್ತಿರತ್ತಿರ ಇರೋದೇ ಇಲ್ಲ. ಎರಡನ್ನೂ ಒಂದೇ ಮುಚ್ಚಳದ ಕೆಳಗೆ ಇಟ್ಟರೆ ಪೇಡದ ತೇವ ಒಳಗಿನ ಗಾಳಿಗೆ ಬರುತ್ತೆ, ಗಾಳಿಯಿಂದ ಚಕ್ಕುಲಿ, ಮಂಡಕ್ಕಿ ಹೀರಿಕೊಳ್ಳುತ್ತೆ. ನಡುವೆ ಇರೋ ರಟ್ಟಿನ ಗೋಡೆ ಏನೂ ತಡೆಯಲ್ಲ, ರಟ್ಟೇ ತೇವ ಕುಡಿಯುತ್ತೆ. ಅದರ ಮೇಲೆ ಬಿಸಿ ಇದ್ದಾಗಲೇ ಮುಚ್ಚಿದರೆ ಹಬೆ ನೀರಾಗಿ ಕೆಳಗಿಳಿಯುತ್ತೆ. ನೀವು ಪ್ಲಾಸ್ಟಿಕ್ ಸುತ್ತಿದರೆ ಆ ನೀರಿಗೆ ಹೊರಗೆ ಹೋಗೋ ದಾರಿನೂ ಬಂದ್.

ಹಾಗಾಗಿ ಮೊದಲನೇ ಮಾತು, ಪೇಡ ಈ ಲೆಕ್ಕದಿಂದ ತೆಗೀರಿ. ಎರಡನೇದು, ಆರಿಸೋದು. ಇದರ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ಎಲ್ಲರೂ ಹದ, ಅಳತೆ, ಎಣ್ಣೆ ಬಗ್ಗೆ ಪ್ರಶ್ನೆ ಕೇಳ್ತಾರೆ, ಆರಿಸೋದನ್ನ ಯಾರೂ ಕೇಳಲ್ಲ. ಚಕ್ಕುಲಿ ಎಣ್ಣೆಯಿಂದ ತೆಗೆದ ಮೇಲೆ ಸ್ಟೀಲ್ ಪಾತ್ರೇಲಿ ರಾಶಿ ಹಾಕಬೇಡ್ರಿ, ಕೆಳಗಿನವು ಮೇಲಿನವುಗಳ ಬಿಸಿಗೆ ಬೆವರ್ತಾವೆ. ಬಿದಿರಿನ ಮೊರಕ್ಕೋ ಅಗಲ ಪುಟ್ಟಿಗೋ ಒಗೆದು ಒಣಗಿಸಿದ ಹಳೇ ಕಾಟನ್ ಪಂಚೆ ಹಾಸಿ, ಒಂದಕ್ಕೊಂದು ತಾಗದಂಗೆ ಒಂದೇ ಪದರ ಹರಡ್ರಿ. ಕೆಳಗಿನಿಂದಲೂ ಗಾಳಿ ಆಡಬೇಕು, ಅದಕ್ಕೇ ಮೊರ. ಪೇಪರ್ ಹಾಸೋರು ತುಂಬ ಜನ ಇದಾರೆ, ದಯವಿಟ್ಟು ನ್ಯೂಸ್ ಪೇಪರ್ ಮೇಲೆ ಎಣ್ಣೆ ತಿಂಡಿ ಇಡಬೇಡ್ರಿ, ಮಸಿ ತಿಂಡಿಗೆ ಹತ್ತುತ್ತೆ. ಆಹಾರ ಸುರಕ್ಷತಾ ಪ್ರಾಧಿಕಾರದವರು ನ್ಯೂಸ್ ಪೇಪರಲ್ಲಿ ತಿಂಡಿ ಕಟ್ಟಬಾರದು ಅಂತ ನಿಯಮನೇ ಮಾಡಿದಾರೆ, ಆದರೂ ನಮ್ಮ ಮಿರ್ಚಿ ಅಂಗಡಿ ಅಭ್ಯಾಸ ಮನೆ ತನಕ ಬಂದಿದೆ.

ಹಂಗಂತ ರಾತ್ರಿಯಿಡೀ ಹರಡಿಬಿಟ್ಟು ಮಲಗಬೇಡ್ರಿ. ನಮ್ಮ ದಾವಣಗೆರೇಲಿ ಬೇಸಿಗೆ ಆದರೆ ನಡೆಯುತ್ತೆ, ದೀಪಾವಳಿ ಹೊತ್ತಿಗೆ ಹಿಂಗಾರು ಮಳೆ ಹಿಡಿದಿದ್ದರೆ ಬೆಳಿಗ್ಗೆ ಹೊತ್ತಿಗೆ ಹೊರಗಿನ ಗಾಳಿನೇ ಚಕ್ಕುಲಿ ಮೆತ್ತಗೆ ಮಾಡಿರುತ್ತೆ. ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಹೇಳೋಕಾಗಲ್ಲ. ನಾನು ಮಾಡೋ ಪರೀಕ್ಷೆ ಹೇಳ್ತೀನಿ. ಚೆನ್ನಾಗಿ ಒಣಗಿರೋ ಗಾಜಿನ ಬಾಟಲಿಗೆ, ಹಾರ್ಲಿಕ್ಸ್ ಬಾಟಲಿ ಆದರೂ ಸೈ, ಆರಿದೆ ಅನಿಸಿದ ಚಕ್ಕುಲಿ ಮುರಿದು ಮುಕ್ಕಾಲು ತುಂಬ ಹಾಕಿ ಮುಚ್ಚಳ ಬಿಗಿ ಮಾಡ್ರಿ. ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದು ನೋಡ್ರಿ. ಗಾಜಿನ ಒಳಗೆ ಒಂಚೂರು ಮಂಜು ಹಿಡಿದಿದ್ದರೂ, ಮುಚ್ಚಳದ ಒಳಗೆ ಬೆರಳು ಆಡಿಸಿದರೆ ತೇವ ಹತ್ತಿದರೂ ಇನ್ನೂ ಆರಿಲ್ಲ ಅಂತ ಅರ್ಥ. ಕೈಗೆ ತಣ್ಣಗೆ ಅನಿಸಿದರೂ ಸುರುಳಿಯ ಒಳಗೆ ಬಿಸಿ ಇರುತ್ತೆ, ದಪ್ಪ ಬಿಲ್ಲೆಯಲ್ಲಿ ಒತ್ತಿದ ಚಕ್ಕುಲಿಗೆ ಇನ್ನೂ ಜಾಸ್ತಿ. ಗಾಜು ಸ್ವಚ್ಛ ಕಂಡ ತಕ್ಷಣ ಸ್ಟೀಲ್ ಡಬ್ಬಕ್ಕೆ ತುಂಬಿ ಗಟ್ಟಿ ಮುಚ್ಚಿಬಿಡ್ರಿ. ಬಾಕ್ಸಿಗೆ ಹಾಕೋದು ಕಳಿಸೋ ದಿನ ಮಾತ್ರ.

ಇಷ್ಟೆಲ್ಲ ಮಾಡಿದರೂ ಚಕ್ಕುಲಿ ಮೆತ್ತಗಾದರೆ ಕರಿದಿದ್ದೇ ಸಾಲದು. ಉರಿ ಜಾಸ್ತಿ ಇಟ್ಟರೆ ಹೊರಗೆ ಬಣ್ಣ ಬರುತ್ತೆ, ಒಳಗೆ ಹಸಿ ಉಳಿಯುತ್ತೆ. ನಡು ಉರಿಯಲ್ಲಿ ಎಣ್ಣೆ ಮೇಲಿನ ನೊರೆ ಪೂರ್ತಿ ಅಡಗೋ ತನಕ ಕಾಯಬೇಕು, ನೊರೆ ಅಂದರೆ ಹಿಟ್ಟಿನೊಳಗಿನ ನೀರು ಹೊರಗೆ ಬರ್ತಿರೋದು. ಆಮೇಲೆ ಬೆಣ್ಣೆ. ನಮ್ಮೂರಲ್ಲಿ ಬೆಣ್ಣೆ ಅಂದರೆ ಕೈ ತಡೆಯಲ್ಲ, ದೋಸೆಗೆ ಹಾಕಿದಂಗೆ ಚಕ್ಕುಲಿ ಹಿಟ್ಟಿಗೂ ಹಾಕ್ತಾರೆ. ಹೆಚ್ಚಾದರೆ ಎಣ್ಣೆಗೆ ಬಿಟ್ಟ ಕೂಡಲೇ ಪುಡಿಪುಡಿ ಆಗುತ್ತೆ, ಆಗದಿದ್ದರೂ ಸಾಗಿಸೋವಾಗ ಮುರಿಯುತ್ತೆ. ಮನೇಲಿ ಕಡೆದ ಬೆಣ್ಣೇಲಿ ಮಜ್ಜಿಗೆ ನೀರು ಉಳಿದಿರುತ್ತೆ, ಅದೂ ಒಂದು ತಂಟೆ. 4 ಲೋಟ ಅಕ್ಕಿ ಹಿಟ್ಟಿಗೆ 1 ಲೋಟ ಹುರಿದ ಉದ್ದಿನ ಹಿಟ್ಟು, 3 ದೊಡ್ಡ ಚಮಚ ಬೆಣ್ಣೆ, ಅಷ್ಟೇ ಸಾಕು. ದೂರ ಹೋಗೋದಾದರೆ ನಾನು ಬೆಣ್ಣೆ ಬದಲು ಬಿಸಿ ಎಣ್ಣೆ ಹಾಕ್ತೀನಿ. ಎಣ್ಣೆ ಚಳ್ಳಕೆರೆ ಕಡೆಯ ಶೇಂಗಾ ಎಣ್ಣೆ, ಅದನ್ನ ಬಿಟ್ಟು ಬೇರೆ ಒಪ್ಪಲ್ಲ ನನಗೆ. ಮಿರ್ಚಿ ಕರಿದು ಉಳಿದ ಎಣ್ಣೇಲಿ ಮಾತ್ರ ಹಬ್ಬದ ತಿಂಡಿ ಮಾಡಬೇಡ್ರಿ, ವಾರದೊಳಗೆ ಕಮಟು ವಾಸನೆ ಬರುತ್ತೆ, ಅದನ್ನ ಕೊಟ್ಟು ಹೆಸರು ಕೆಡಿಸಿಕೊಳ್ಳೋದು ಯಾಕೆ.

ಬೇಸನ್ ಉಂಡೆ ಒಳ್ಳೆ ಆಯ್ಕೆ. ಸಣ್ಣ ಉರೀಲಿ ತುಪ್ಪದಲ್ಲಿ ಹುರಿದು, ಹಿಟ್ಟು ಬೆಚ್ಚಗಿನ ಹದಕ್ಕೆ ಬಂದ ಮೇಲೆ ಸಕ್ಕರೆ ಪುಡಿ. ಬಿಸಿ ಇದ್ದಾಗ ಹಾಕಿದರೆ ಕರಗಿ ಉಂಡೆ ಕೂತುಬಿಡುತ್ತೆ. ಉಂಡೆ ಕಟ್ಟೋಕೆ ಬರ್ತಿಲ್ಲ ಅಂತ ಹಾಲು ಚಿಮುಕಿಸೋ ಅಭ್ಯಾಸ ಇದ್ದರೆ ಬಿಡ್ರಿ, ಇನ್ನೊಂದು ಚಮಚ ತುಪ್ಪ ಕಾಯಿಸಿ ಹಾಕ್ರಿ. ಹಾಲು ಬಿದ್ದ ರವೆ ಉಂಡೆ, ಹಸಿ ಕಾಯಿ ಬಿದ್ದ ಯಾವ ಉಂಡೆಯೂ ಕೊರಿಯರಿಗೆ ಆಗಲ್ಲ. ಕರ್ಚಿಕಾಯಿ ಹೂರಣಕ್ಕೆ ಒಣ ಕೊಬ್ಬರಿ ಹಾಕೋರು ಮೊದಲು ಮೂಸಿ ನೋಡಿ ಬೆಚ್ಚಗೆ ಹುರೀರಿ, ಹಳೇ ಗಿಟಕು ಒಂದೇ ಸೇರಿದರೂ ಇಡೀ ಹೂರಣ ಕಮಟು. ಶೇಂಗಾ ಉಂಡೆ ಮಾಡೋದಾದರೆ ಬೆಲ್ಲ ಗಾಳಿಯ ತೇವ ಎಳೆಯುತ್ತೆ, ಒಂದೊಂದನ್ನೇ ಬಟರ್ ಪೇಪರಲ್ಲಿ ಸುತ್ತಬೇಕು. ತುಪ್ಪ ನಂದಿನಿದೇ ತಗೊಳ್ರಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆ ಒಂದೇ ಹಾಲು ಒಕ್ಕೂಟ, ಅಂದರೆ ನಮ್ಮ ಹಳ್ಳಿಗಳಿಂದ ಹೋದ ಹಾಲು ಅದು. ಸಂತೇಲಿ ಹೆಸರಿಲ್ಲದ ಡಬ್ಬದಲ್ಲಿ ಸಿಗೋ ಲೂಸ್ ತುಪ್ಪ ಕಡಿಮೆ ಬೆಲೆಗೆ ಅಂತ ತರಬೇಡ್ರಿ. ಡಾಲ್ಡಾ ಬಗ್ಗೆ ಕೇಳಲೇಬೇಡ್ರಿ. 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್, ಅಂದರೆ ಹೃದಯಕ್ಕೆ ಕೆಡುಕು ಮಾಡೋ ಕೊಬ್ಬಿನಂಶ, ಶೇ 2 ಮೀರಬಾರದು ಅಂತ ನಿಯಮ ಬಂದಿದೆ, ಆದರೂ ಡಾಲ್ಡಾ ಉಂಡೆ ಅಂಗುಳಕ್ಕೆ ಅಂಟೋದು ತಪ್ಪಿಲ್ಲ.

ಖಾರ ಮಂಡಕ್ಕಿ ನಮ್ಮೂರ ಗುರುತು, ಕೊಡಬೇಕು ಅನ್ನೋ ಆಸೆ ನನಗೂ ಅರ್ಥ ಆಗುತ್ತೆ. ಊರೊಳಗೆ ಕೊಡೋರಿಗೆ ಮಾತ್ರ ಮಾಡ್ರಿ. ಮಂಡಕ್ಕಿ ಹುರಿಯೋ ಭಟ್ಟಿ ಕಡೆಯಿಂದ ಹೊಸದು ತನ್ನಿ, ಅಂಗಡೀಲಿ ಬಾಯಿ ಬಿಚ್ಚಿಟ್ಟ ಚೀಲದ್ದು ಬೇಡ. ಒಗ್ಗರಣೆಗೆ ಮುಂಚೆ ಬರಿ ಬಾಂಡ್ಲೀಲಿ ಬೆಚ್ಚಗೆ ಮಾಡಿ, ಎರಡು ಬೆರಳಲ್ಲಿ ಒತ್ತಿದರೆ ಪುಡಿ ಆಗಬೇಕು. ಕರಿಬೇವು, ಬೆಳ್ಳುಳ್ಳಿ ಎಣ್ಣೇಲಿ ಸದ್ದು ನಿಲ್ಲೋ ತನಕ ಹುರೀರಿ. ಕರಿಬೇವು ತೊಳೆದು ಹಂಗೇ ಹಾಕಿದರೆ ಅದರ ನೀರು ಸಾಕು ಎಲ್ಲ ಮೆತ್ತಗಾಗೋಕೆ. ಪುಟಾಣಿ, ಶೇಂಗಾ ಹಾಕ್ರಿ, ಈರುಳ್ಳಿ ಬೇಡ. ನರ್ಗಿಸ್ ಮಂಡಕ್ಕಿ ಮಾಡಿ ಬಾಕ್ಸಿಗೆ ಹಾಕ್ತೀನಿ ಅಂತ ಇನ್ನೊಬ್ಬರು ಕಾಮೆಂಟ್ ಹಾಕಿದಾರೆ, ಅದು ಕಲಸಿದ ಕೂಡಲೇ ತಿನ್ನೋದು, ಕಟ್ಟಿ ಕೊಡೋದಲ್ಲ.

ಪೇಡ ಕೊಡಲೇಬೇಕು ಅನ್ನೋದಾದರೆ ಹತ್ತಿರದವರಿಗೆ ಅವತ್ತೇ ತಂದು ಕೈಯಾರೆ ಕೊಡ್ರಿ, ಬೇರೆ ಡಬ್ಬೀಲಿ. ಅಂಗಡಿಯಿಂದ ಲೂಸ್ ತರೋದಾದರೆ ಯಾವ ದಿನದೊಳಗೆ ತಿನ್ನಬೇಕು ಅನ್ನೋ ಚೀಟಿ ಟ್ರೇ ಮುಂದೆ ಇದೆಯಾ ನೋಡ್ರಿ. 2020ರ ಅಕ್ಟೋಬರ್ 1ರಿಂದ ಲೂಸ್ ಸಿಹಿ ತಿಂಡಿಗೂ ಅದನ್ನ ಬರೆದು ಇಡಲೇಬೇಕು ಅಂತ ಆಗಿದೆ. ಕೇಳಿದರೆ ಮುಖ ಸಿಂಡರಿಸೋ ಅಂಗಡೀಲಿ ಹಬ್ಬದ ರಶ್ಶಲ್ಲಿ ಖೋವಾ ಸಿಹಿ ತಗೊಳ್ಳಬೇಡ್ರಿ, ಬಾದುಷಾ, ಸೋನ್ ಪಾಪಡಿ ಏನಾದರೂ ತಗೊಂಡು ಬನ್ರಿ.

ಇನ್ನು ಪ್ಲಾಸ್ಟಿಕ್ ಹಾಳೆ. ಸಿಹಿ ಬಾಕ್ಸಿನ ಮೇಲೆ ಸುತ್ತೋ ತೆಳು ಪ್ಲಾಸ್ಟಿಕ್ಕು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಆಗಿರೋ ವಸ್ತುಗಳ ಪಟ್ಟೀಲೇ ಇದೆ, ಹೆಸರು ಹಿಡಿದು ಇದೆ. ಅಂಗಡೀಲಿ ಸಿಗುತ್ತೆ ಅಂತ ತರೋದಲ್ಲ. ಅದರ ಬದಲು ಚೌಕಿಪೇಟೆ ಕಡೆ ಬಟ್ಟೆ ಅಂಗಡೀಲಿ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಸಿಕ್ಕರೆ ತಂದು ಚೌಕ ಕತ್ತರಿಸಿ, ಅಂಚು ಹೊಲಿಸಿ ಬುತ್ತಿ ಗಂಟಿನಂಗೆ ಕಟ್ರಿ. ರಿಬ್ಬನ್‌ಗಿಂತ ಎಷ್ಟೋ ಚಂದ ಕಾಣುತ್ತೆ, ಆಮೇಲೆ ಅವರು ತಟ್ಟೆ ಮುಚ್ಚೋಕೋ ದೇವರ ಪೀಠಕ್ಕೋ ಬಳಸ್ತಾರೆ. ಖಣ ತುಂಬ ಬೆಲೆ ಅನಿಸಿದರೆ ದರ್ಜಿ ಹತ್ರ ಕುಪ್ಪಸದ ಕತ್ತರಿಕೆ ಚೂರು ಕೇಳ್ರಿ, ಪಟ್ಟಿಯಾಗಿ ಹೊಲಿದು ಸುತ್ತಬಹುದು.

ತಿಂಡಿಗೆ ದುಂಡನೆ ತಗಡಿನ ಡಬ್ಬಿ ಅಥವಾ ಸಣ್ಣ ಸ್ಟೀಲ್ ಡಬ್ಬಿ. ಮಂಡಿಪೇಟೆ ಕಡೆ ಪಾತ್ರೆ ಅಂಗಡೀಲಿ ಒಟ್ಟಿಗೆ ತಗೊಂಡರೆ ನೀವು ಆ ರಟ್ಟಿನ ಬಾಕ್ಸಿಗೆ ಕೊಟ್ಟಿರೋದಕ್ಕಿಂತ ತುಂಬ ಜಾಸ್ತಿ ಆಗಲ್ಲ. ಚಕ್ಕುಲಿ ಮಲಗಿಸಬೇಡ್ರಿ, ಡಬ್ಬಿ ಗೋಡೆಗುಂಟ ನಿಲ್ಲಿಸಿ, ನಡುವೆ ಬಟರ್ ಪೇಪರ್ ಸುರುಳಿ ತುರುಕ್ರಿ. ಮುಚ್ಚಿದ ಮೇಲೆ ಕಿವಿ ಹತ್ರ ಹಿಡಿದು ಅಲ್ಲಾಡಿಸಿದರೆ ಸದ್ದು ಬರಬಾರದು. ಸದ್ದು ಬಂದರೆ ಅಷ್ಟು ಜಾಗ ಖಾಲಿ ಇದೆ, ಅಷ್ಟೂ ಮುರಿಯುತ್ತೆ. ಚಪ್ಪಲಿ ಬಾಕ್ಸಲ್ಲಿ ಬರೋ ಬಿಳಿ ಸಣ್ಣ ಪೊಟ್ಟಣ ತೇವ ಹೀರುತ್ತೆ ಅಂತ ತಿಂಡಿ ಡಬ್ಬಿಗೆ ಹಾಕೋರು ಇದಾರೆ, ಅದು ಆಹಾರಕ್ಕೆ ಮಾಡಿದ್ದಲ್ಲ, ಮಕ್ಕಳ ಕೈಗೂ ಸಿಗುತ್ತೆ. ಬೇಡವೇ ಬೇಡ. ಬೆಂಗಳೂರಿಗೆ ಕೊರಿಯರ್ ಬದಲು ಬಸ್ ಸ್ಟ್ಯಾಂಡಿನ ಪಾರ್ಸಲ್ ಕೌಂಟರಲ್ಲಿ ರಾತ್ರಿ ಬಸ್ಸಿಗೆ ಹಾಕಿ, ಅಲ್ಲಿ ಇಳಿಸಿಕೊಳ್ಳೋರಿಗೆ ಮೊದಲೇ ಹೇಳಿಡ್ರಿ. ಪುಣೆಯದನ್ನ ಹಬ್ಬದ ಹಿಂದಿನ ದಿನಗಳಿಗೆ ಬಿಡಬೇಡ್ರಿ.

ನೀವು ತರಿಸಿರೋ ಬಾಕ್ಸು ದಂಡ ಆಗಲ್ಲ. ಅದಕ್ಕೆ ಹಣತೆ, ಚನ್ನಪಟ್ಟಣದ ಕುಂಕುಮದ ಭರಣಿ, ಮಕ್ಕಳಿರೋ ಮನೆಗೆ ಬುಗುರಿ ಹಾಕ್ರಿ. ಚನ್ನಪಟ್ಟಣದ್ದು ಅಂತ ಮಾರೋದೆಲ್ಲ ಅಲ್ಲಿಯದಲ್ಲ. ಅಸಲಿಯಲ್ಲಿ ಮರ ತಿರುಗೋವಾಗಲೇ ಅರಗಿನ ಬಣ್ಣ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತೆ, ಹಂಗಾಗಿ ಬ್ರಶ್ಶಿನ ಗೆರೆ ಕಾಣಲ್ಲ, ಪೇಂಟ್ ವಾಸನೆ ಇರಲ್ಲ. ಮೂಗಿನ ಹತ್ರ ಹಿಡಿದರೆ ಗೊತ್ತಾಗುತ್ತೆ. ಹಣತೆ ಮಾತ್ರ ಬಣ್ಣ ಹಚ್ಚಿದ್ದು ತರಬೇಡ್ರಿ, ಕುಂಬಾರರ ಹತ್ರ ಬರೀ ಮಣ್ಣಿನದು ತಗೊಂಡು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ ಕೊಡ್ರಿ. ನೆನೆಸದಿದ್ದರೆ ಮಣ್ಣೇ ಎಣ್ಣೆ ಕುಡಿದು ಕೆಳಗೆಲ್ಲ ಜಿಡ್ಡು ಇಳಿಸುತ್ತೆ. ಫೋಟೋದ ಮೂಲೇಲಿ ಪರಿಮಳದ ಕ್ಯಾಂಡಲ್ ಒಂದು ಕಾಣ್ತಿದೆ. ಅದು, ಊದಿನಕಡ್ಡಿ, ಕರ್ಪೂರ ಯಾವುದೂ ತಿಂಡಿ ಜೊತೆ ಒಂದೇ ಚೀಲದಲ್ಲಿ ಕೂಡ ಹೋಗಬಾರದು. ತುಪ್ಪದ ಉಂಡೆ ವಾಸನೆ ಹೀರಿಕೊಳ್ಳೋದ್ರಲ್ಲಿ ಎಲ್ಲಕ್ಕಿಂತ ಮುಂದೆ.

ಹಿರಿಯರಿಗೆ ಏನು ಕೊಡೋದು ಅಂತ ಕೊನೇಲಿ ಕೇಳಿದೀರಿ. ಕೈಯಲ್ಲಿ ದುಡ್ಡಿದ್ದರೆ ಮೊಳಕಾಲ್ಮೂರು ಸೀರೆ, ನಮ್ಮ ಪಕ್ಕದ್ದೇ, ಭೌಗೋಳಿಕ ಗುರುತು ಪಡೆದಿರೋದು. ಇಲ್ಲದಿದ್ದರೆ ಚಳ್ಳಕೆರೆಯ ಕುರಿ ಉಣ್ಣೆ ಕಂಬಳಿ. ಹೊಸದರಲ್ಲಿ ಬಿರುಸಾಗಿರುತ್ತೆ, ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ ಅದಕ್ಕೆ. ಬಿಸಿಲಿಗೆ ಹಾಕಿ ಕೊಡವಿ ಕೊಡ್ರಿ, ಬಳಸ್ತಾ ಮೆತ್ತಗಾಗುತ್ತೆ ಅಂತ ಅವರಿಗೂ ಹೇಳ್ರಿ, ಇಲ್ಲಾಂದ್ರೆ ಅಟ್ಟಕ್ಕೆ ಹೋಗಿಬಿಡುತ್ತೆ.

ಬಾದಾಮಿ ಹಾಲಿನ ಪುಡಿ ಬಾಟಲೀಲಿ ಕೊಡಬಹುದಾ ಅಂತಾನೂ ಕೇಳಿದ್ರಲ್ಲ, ಧಾರಾಳವಾಗಿ ಕೊಡ್ರಿ. ಬಾದಾಮಿ ನೆನೆಸಿ ಸಿಪ್ಪೆ ತೆಗೆಯೋ ಪದ್ಧತಿ ಬೇಡ, ಎಷ್ಟೇ ಒಣಗಿಸಿದರೂ ಒಳಗೆ ತೇವ ಉಳಿಯುತ್ತೆ. ಸಿಪ್ಪೆ ಸಮೇತ ಸಣ್ಣ ಉರೀಲಿ ಬೆಚ್ಚಗೆ ಮಾಡಿ ಪೂರ್ತಿ ಆರಿಸಿ, ಸ್ವಲ್ಪ ಸಕ್ಕರೆ ಸೇರಿಸಿ ಮಿಕ್ಸಿ ಬಿಟ್ಟು ಬಿಟ್ಟು ತಿರುವ್ರಿ. ಒಂದೇ ಸಮ ತಿರುವಿದರೆ ಜಾರ್ ಬಿಸಿಯಾಗಿ ಬಾದಾಮಿ ಎಣ್ಣೆ ಬಿಟ್ಟು ಅಂಟಾಗುತ್ತೆ. ಏಲಕ್ಕಿ, ಬೆಚ್ಚಗೆ ಮಾಡಿದ ಕೇಸರಿ ಅದರ ಜೊತೆಗೇ ಹಾಕಬಹುದು. ಹಾಲಿನ ಪುಡಿ ಬೆರೆಸೋರು ಬೆರೆಸ್ತಾರೆ, ನಾನು ಬೆರೆಸಲ್ಲ, ಬೇಗ ಗಂಟು ಕಟ್ಟುತ್ತೆ. ಬಾಟಲಿ ಮೇಲೆ ಚೀಟಿ ಅಂಟಿಸಿ ಮಾಡಿದ ತಾರೀಖು, ಒಂದು ಲೋಟ ಬಿಸಿ ಹಾಲಿಗೆ ಎರಡು ಚಮಚ, ಒಣ ಚಮಚವನ್ನೇ ಹಾಕಿ, ಫ್ರಿಜ್ಜಲ್ಲಿ ಇಡಿ ಅಂತ ಬರೀರಿ. ಪುಣೆಯವರಿಗೆ ಪೇಡದ ಬದಲು ಇದನ್ನೇ ಕಳಿಸಿ.